ಕೆಂಪು ಮಣೆಯ ಕಚ್ಚು

ರಾಜ್ಯಗಳು ಉರುಳುವುದು, ನದಿಗಳು ದಿಕ್ಕು ಬದಲಿಸುವುದು ಇವೆಲ್ಲ ತಮ್ಮ ಪಾಡಿಗೆ ನಡೆದುಕೊಂಡು ಹೋಗಲಿ. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಗಂಭೀರವಾದ ಸಂಗತಿ. ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ, ಹೆಚ್ಚುವ ಮಣೆಯೊಂದರ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಒಂದು ಕಚ್ಚು ಇತ್ತು. ಅದು ಇರಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿತು.

ಕಚ್ಚು ಹಾಕಿದವರು ದೊಡ್ಡಪ್ಪ, ಆ ಅಡುಗೆಮನೆಯ ಮುಖ್ಯ ಅಡುಗೆಯವರು. ಅಲ್ಲಿನ ಮೇಲ್ವಿಚಾರಕಿ ಅವರ ತಮ್ಮನ ಮಗಳು. ಅವಳು ಬಾಯ್ತುಂಬ ದೊಡ್ಡಪ್ಪ ಎಂದು ಕರೆದದ್ದೇ ನೆಪವಾಗಿ ಇಡೀ ಸಿಬ್ಬಂದಿ, ಔಷಧದ ಕೌಂಟರಿನವರು, ಕೊನೆಗೆ ಅವರಿಗಿಂತ ಹತ್ತು ವರ್ಷ ಹಿರಿಯರಾದ ಮೂಳೆ ಡಾಕ್ಟರು ಕೂಡ ಅವರನ್ನು ದೊಡ್ಡಪ್ಪ ಮಾಡಿಕೊಂಡಿದ್ದರು. ಪಾತ್ರೆ ತೊಳೆಯುವ ವಿಭಾಗವನ್ನು ಆಳುತ್ತಿದ್ದ ಅವರ ಹೆಂಡತಿ ಹೀಗಾಗಿ ಎಲ್ಲರಿಗೂ ದೊಡ್ಡಮ್ಮ. ಈ ದಂಪತಿಗೆ ಮಕ್ಕಳಿರಲಿಲ್ಲ ಎಂಬ ಮಾತು ಅಲ್ಲಿ ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ.

ಮಣೆಗಳು ನಾಲ್ಕು ಬಣ್ಣದವು. ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ಬೆಂದದ್ದಕ್ಕೆ ಹಳದಿ, ತರಕಾರಿ ಹಣ್ಣಿಗೆ ಹಸಿರು. ಕೋಳಿ ಕೊಯ್ದ ಮಣೆಯ ಮೇಲೆ ಸೌತೆಕಾಯಿ ಹೆಚ್ಚಿದರೆ ಏನಾಗುತ್ತದೆ? ಕೋಳಿಗೆ ಬೆಂಕಿ ಕಾಣುವ ಯೋಗವಿದೆ, ಸೌತೆಕಾಯಿಗಿಲ್ಲ. ಕೋಳಿಯ ಕ್ರಿಮಿ ಸೌತೆಕಾಯಿಯ ಹೆಗಲೇರಿ ನೇರ ವಾರ್ಡಿಗೆ ಹೋಗುತ್ತದೆ. ಹೊಸಬರಿಗೆ ದೊಡ್ಡಪ್ಪ ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು: "ಮೇಲಿರೋರು ಒಂದು ಕಾಯಿಲೆ ಹಿಡ್ಕೊಂಡು ಬಂದಿದ್ದಾರೆ. ಇನ್ನೊಂದನ್ನ ನಾವು ತಟ್ಟೇಲಿಟ್ಟು ಕಳಿಸಬಾರದು."

ಇಷ್ಟೆಲ್ಲ ಗೊತ್ತಿದ್ದ ದೊಡ್ಡಪ್ಪನಿಗೆ ಗೊತ್ತಿಲ್ಲದ್ದು ಒಂದೇ: ಕೆಂಪು ಯಾವುದು, ಹಸಿರು ಯಾವುದು. ಹುಟ್ಟಿದಾಗಿನಿಂದ ಅವರ ಕಣ್ಣಿಗೆ ಎರಡೂ ಒಂದೇ, ಆರಿಹೋದ ಚಹಾದ ಬಣ್ಣ. ಟೊಮ್ಯಾಟೊ ಹಣ್ಣಾಗಿದೆಯೇ ಎಂದು ಹಿಸುಕಿಯೇ ತಿಳಿಯುತ್ತಿದ್ದರು. ನೋಡಿದವರು "ಏನು ಕೈ ರೀ ಅವರದು!" ಎಂದು ತಲೆದೂಗುತ್ತಿದ್ದರು. ಎಂಟು ವರ್ಷದ ಹಿಂದೆ ಬಣ್ಣದ ಮಣೆಗಳು ಬಂದ ದಿನವೇ ಅವರು ಯಾರೂ ಇಲ್ಲದಾಗ ಒಬ್ಬ ಹೊಸಬನನ್ನು ಕರೆದು, "ನೋಡೋಣ, ಕೆಂಪು ಯಾವುದು ತೋರ್ಸು" ಎಂದು ಗುರುವಿನ ಠೀವಿಯಲ್ಲಿ ಪರೀಕ್ಷೆ ಮಾಡಿದರು. ಅವನು ತೋರಿಸಿದ ಮಣೆಯ ಮೂಲೆಗೆ, ಅವನು ಆಚೆ ಹೋದಮೇಲೆ, ಚಾಕುವಿನ ತುದಿಯಿಂದ ಗುರುತು ಮಾಡಿಕೊಂಡರು. ಅಂದಿನಿಂದ ಹೆಬ್ಬೆರಳಿಗೆ ಕಚ್ಚು ಸಿಕ್ಕಿದರೆ ಮಾಂಸ, ಸಿಗದಿದ್ದರೆ ಸೌತೆಕಾಯಿ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಚಾಕು ಕಿತ್ತುಕೊಂಡು, ಕೈಗೆ ಸೌಟು ಕೊಟ್ಟು, ಸೂಪು ಬಡಿಸುವ ಕಿಟಕಿಯಲ್ಲಿ ಕೂರಿಸುತ್ತಾರೆ ಎಂದು ಅವರಿಗೆ ಖಾತ್ರಿಯಿತ್ತು. ಆ ಕಿಟಕಿಯಲ್ಲಿ ಕೂತವರು ನಿವೃತ್ತಿಯಾಗುವ ತನಕ ಹವಾಮಾನದ ಬಗ್ಗೆಯೇ ಮಾತಾಡಿದ್ದನ್ನು ಅವರು ಕಂಡಿದ್ದರು.

ಹೀಗಿರಲು ಮೇಲ್ವಿಚಾರಕಿಯಾದ ಆ ತಮ್ಮನ ಮಗಳು ಯಾವುದೋ ತರಬೇತಿಗೆ ಹೋಗಿ ಅಂಗೈಯಗಲದ ಒಂದು ಯಂತ್ರ ತಂದಳು. ಹತ್ತಿಕಡ್ಡಿಯಿಂದ ಒರೆಸಿ ಅದರೊಳಗೆ ತೂರಿಸಿದರೆ, ಒರೆಸಿದ ಜಾಗ ಎಷ್ಟು ಕೊಳಕು ಎಂದು ಅಂಕಿಯಲ್ಲಿ ಹೇಳುತ್ತಿತ್ತು. ಹತ್ತರೊಳಗೆ ಬಂದರೆ ಪಾಸು. ಸ್ಟೀಲು ಮೇಜು ಪಾಸಾಯಿತು. ಕೋಲ್ಡ್ ರೂಮಿನ ಬಾಗಿಲ ಹಿಡಿ ಫೇಲಾಯಿತು. ಆಮೇಲೆ ಅವಳ ಬೆರಳು ಮಣೆಗಳ ಮೇಲೆ ಹರಿದು ಬಂದು ಕೆಂಪು ಮಣೆಯ ಮೂಲೆಯಲ್ಲಿ ನಿಂತಿತು.

"ಏನಿದು ದೊಡ್ಡಪ್ಪ, ಕಚ್ಚು?"

"ಹಳೇ ಮಣೆ ಮಗಳೇ. ವಯಸ್ಸಾದಮೇಲೆ ನನ್ನ ಮುಖದಲ್ಲೂ ಇದೆ."

"ನಿಮ್ಮ ಮುಖದ ಮೇಲೆ ಕೋಳಿ ಹೆಚ್ಚಲ್ಲ ನಾವು. ಇಂಥ ಸಂದಿಯೊಳಗೇ ಕ್ರಿಮಿ ಸಂಸಾರ ಹೂಡೋದು." ಕಡ್ಡಿ ತೂರಿಸಿದಳು. ಯಂತ್ರ ಎರಡು ಎಂದಿತು. ಅವಳು ಇನ್ನೊಮ್ಮೆ ಒರೆಸಿದಳು. ಮತ್ತೆ ಎರಡು. "ವಿಚಿತ್ರ! ಇದು ನೂರು ದಾಟಬೇಕಿತ್ತು."

"ನೋಡು, ಸಭ್ಯ ಕಚ್ಚು ಅದು. ಇರಲಿ ಬಿಡು."

"ಇವತ್ತು ಸಭ್ಯ. ನಾಳೆ?" ಎಂದಳು ಮಗಳು. ನಾಲ್ಕೂ ಮಣೆ ಹೊರಗೆ ಹೋದವು. ಹೊಸವು ಬಂದವು, ಮಗುವಿನ ಕೆನ್ನೆಯಷ್ಟು ನುಣುಪು. ಹೆಚ್ಚುವರಿ ಎಚ್ಚರಿಕೆಯೆಂದು ಅವಳು ನೋಟಿಸು ಬೇರೆ ಅಂಟಿಸಿದಳು: ಮಣೆಗೆ ಕಚ್ಚು, ಗೀರು, ಶಾಯಿ, ದಾರ ಯಾವುದೂ ಕೂಡದು. ದೊಡ್ಡಪ್ಪ ಯೋಚಿಸಿಟ್ಟುಕೊಂಡಿದ್ದ ಉಪಾಯಗಳೆಲ್ಲ ಸಾಲಾಗಿ ಅದರಲ್ಲಿದ್ದವು.

ಮೊದಲ ದಿನ ಅವರು ಮೂಗನ್ನು ನಂಬಿದರು. ಆದರೆ ತೊಳೆಯುವ ಮಿಷನ್ನು ಕೈ ಸುಡುವ ನೀರಲ್ಲಿ ಮಣೆಯ ಪೂರ್ವಜನ್ಮವನ್ನೇ ಅಳಿಸಿಬಿಡುತ್ತಿತ್ತು. ಎರಡನೆಯ ದಿನ ಸ್ಟ್ಯಾಂಡಿನ ಸಂದಿಗಳನ್ನು ನಂಬಿದರು. "ಮೊದಲನೇ ಸಂದೀಲಿ ಕೆಂಪು, ಕೊನೇದ್ರಲ್ಲಿ ಹಸಿರು. ಶಿಸ್ತು ಅಂದ್ರೆ ಶಿಸ್ತು!" ಎಂದು ಎಲ್ಲರಿಗೂ ಬುದ್ಧಿ ಹೇಳಿದರು. ಎಲ್ಲರೂ ತಲೆಯಾಡಿಸಿ ಸಿಕ್ಕ ಸಂದಿಗೆ ಸಿಕ್ಕಿದ್ದನ್ನು ಸಿಕ್ಕಿಸಿದರು. ಅವರಿಗೇನು, ಕಣ್ಣಿತ್ತು.

ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ದೊಡ್ಡಪ್ಪ ಒಂದು ಮಣೆ ಎಳೆದುಕೊಂಡು, ಸೌತೆಕಾಯಿ ಇಟ್ಟು, ಚಾಕು ಎತ್ತಿ, ಹಾಗೇ ನಿಂತರು. ಕೊನೆಯ ಸಂದಿಯದು. ಹಸಿರೇ ಇರಬೇಕು. ಬೆಳಿಗ್ಗೆ ಕೋಳಿ ಬಂದಿತ್ತು. ಇರಬೇಕು ಎನ್ನುವುದಕ್ಕೂ ಇದೆ ಎನ್ನುವುದಕ್ಕೂ ನಡುವೆ ಎಂಬತ್ತು ಹಾಸಿಗೆಗಳಿದ್ದವು. ಅವರು ಸೌತೆಕಾಯಿಯನ್ನು ಪಕ್ಕಕ್ಕಿಟ್ಟು, ಮಣೆಯನ್ನು ತಾವೇ ಒಯ್ದು ಮಿಷನ್ನಿಗೆ ಹಾಕಿದರು. ಆಮೇಲೆ ಅದೇ ಪದ್ಧತಿಯಾಯಿತು: ಸಂಶಯ ಬಂದಾಗಲೆಲ್ಲ ಮಿಷನ್ನು. ಸಂಶಯ ಯಾವಾಗಲೂ ಬರುತ್ತಿತ್ತು.

ವಾರದ ಕೊನೆಗೆ ಮಿಷನ್ನಿನ ಲೆಕ್ಕದ ಪರದೆಯನ್ನು ನೋಡಿ ಮಗಳು ಹುಬ್ಬೇರಿಸಿದಳು. "ವಾರಕ್ಕೆ ಅರವತ್ತು ಸುತ್ತು ಜಾಸ್ತಿ ಓಡಿದೆಯಲ್ಲ! ಮಿಷನ್ನಿಗೆ ಹುಚ್ಚಾ?"

"ಮಿಷನ್ನಿಗಲ್ಲ, ನಿಮ್ಮ ದೊಡ್ಡಪ್ಪನಿಗೆ" ಎಂದಳು ದೊಡ್ಡಮ್ಮ. "ಮಣೆ ತೊಳೀತಾರೆ. ತೊಳೆದದ್ದನ್ನ ತೊಳೀತಾರೆ." ಹಾಗೆಂದು ಗಂಡನ ಮುಖ ನೋಡಿ ಕೋಲ್ಡ್ ರೂಮಿನ ಕಡೆ ಹೋದಳು. ಅಲ್ಲಿ ಬಾಗಿಲ ಪಕ್ಕದ ಮೊಳೆಗೆ ಅವಳ ಹಸಿರು ಸ್ವೆಟರ್ ನೇತುಹಾಕಿತ್ತು. ಮದುವೆಗೆ ಮುಂಚೆ ದೊಡ್ಡಪ್ಪ ಮೂರು ಅಂಗಡಿ ಹತ್ತಿಳಿದು, ಅವಳಿಗೆ ಇಷ್ಟವಾದ ಬಣ್ಣವೆಂದೇ ಆರಿಸಿ ಕೊಟ್ಟದ್ದು. ಮೂವತ್ತೊಂದು ವರ್ಷದಿಂದ ಕೋಲ್ಡ್ ರೂಮಿಗೆ ಹೋಗುವವರೆಲ್ಲ ಅದನ್ನೇ ತೊಡುತ್ತಿದ್ದರು. "ಆ ಹಸಿರು ಸ್ವೆಟರ್ ಹಾಕ್ಕೊಂಡು ಹೋಗು" ಎಂದು ದೊಡ್ಡಪ್ಪ ಹೇಳಿದಾಗ ಹೊಸಬರು ಗೋಡೆಯುದ್ದಕ್ಕೂ ಕಣ್ಣಾಡಿಸುತ್ತಿದ್ದರು, ಮತ್ತು ದೊಡ್ಡಮ್ಮ ಎಲ್ಲಿದ್ದರೂ ಓಡಿಬಂದು ಅದನ್ನು ಅವರ ಕೈಗೆ ತುರುಕುತ್ತಿದ್ದಳು. ಈ ಕಾಲದ ಹುಡುಗರಿಗೆ ಕಣ್ಣೆದುರಿನ ವಸ್ತು ಕಾಣುವುದಿಲ್ಲವಲ್ಲ ಎಂದು ದೊಡ್ಡಪ್ಪನಿಗೆ ಬೇಸರ.

ಮಗಳಿಗೆ ಮಾತ್ರ ಆ ಅರವತ್ತು ಸುತ್ತಿನಲ್ಲಿ ಬೇರೇನೋ ಕಂಡಿತು. ಎಲ್ಲರನ್ನೂ ಸೇರಿಸಿ ಹೇಳಿಯೇಬಿಟ್ಟಳು: "ಶುಚಿ ಅಂದ್ರೆ ಏನು ಅಂತ ದೊಡ್ಡಪ್ಪನ್ನ ನೋಡಿ ಕಲೀರಿ. ಸೋಮವಾರ ತಪಾಸಣೆಯವರು ಬರ್ತಾರೆ. ಯಾವ ಮಣೆ ಯಾವುದಕ್ಕೆ ಅಂತ ಅವರಿಗೆ ತೋರಿಸಿಕೊಡೋದು ಇವರೇ."

ಚಪ್ಪಾಳೆ ಬಿತ್ತು. ದೊಡ್ಡಪ್ಪನಿಗೆ ಅದು ಬೆನ್ನ ಮೇಲೆ ಬಿದ್ದಂತಾಯಿತು.

ಸೋಮವಾರ ತಪಾಸಣೆಯವರು ಬಂದರು. ತಲೆಗೆ ಕಾಗದದ ಟೋಪಿ ಹಾಕಿಕೊಂಡ, ನಗುವುದನ್ನು ಮನೆಯಲ್ಲಿ ಬಿಟ್ಟು ಬಂದಂತಿದ್ದ ಮನುಷ್ಯ. ಫ್ರಿಜ್ಜಿನ ಡಿಗ್ರಿ ನೋಡಿದರು, ಬಾಗಿಲ ರಬ್ಬರು ಎಳೆದು ನೋಡಿದರು, ಕೋಳಿಯ ಹೊಟ್ಟೆಗೆ ಥರ್ಮಾಮೀಟರು ಚುಚ್ಚಿ ಬೆಂದಿದೆಯೆಂದು ಒಪ್ಪಿದರು. ಆಮೇಲೆ ಮಣೆಗಳ ಮುಂದೆ ನಿಂತು, "ಹಸಿ ಮಾಂಸಕ್ಕೆ ಯಾವುದು? ತೆಗೀರಿ" ಎಂದರು.

ದೊಡ್ಡಪ್ಪನ ಕೈ ಎರಡನೆಯ ಸಂದಿಯ ಕಡೆ ಹೋಯಿತು. ಮಿಷನ್ನಿನ ಕಡೆಯಿಂದ ದೊಡ್ಡಮ್ಮ ಕೆಮ್ಮಿದಳು. ಕೈ ನಿಂತಿತು, ಮೂರನೆಯದಕ್ಕೆ ಸರಿಯಿತು. ಕೆಮ್ಮು ನಿಂತಿತು.

ಮೂವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಆ ಕೆಮ್ಮು ಅರ್ಥವಾಗದೇ ಇರುತ್ತದೆಯೇ? ಇವಳಿಗೆ ಗೊತ್ತು. ಯಾವಾಗಿನಿಂದಲೋ ಗೊತ್ತು. ಮೂರನೆಯ ಸಂದಿಯ ಮಣೆ ಎಳೆದುಬಿಟ್ಟರೆ ಆಯಿತು, ಚಾಕು ಉಳಿಯಿತು, ಕಿಟಕಿ ತಪ್ಪಿತು. ಆದರೆ ನಾಳೆ ಇವಳಿಗೆ ನಿಜವಾಗಿಯೇ ಕೆಮ್ಮು ಬಂದರೆ?

ಅವರು ಕೈ ಕೆಳಗಿಳಿಸಿದರು.

"ನನಗೆ ಗೊತ್ತಾಗಲ್ಲ ಸಾರ್. ಕೆಂಪು ಹಸಿರು ಎರಡೂ ಒಂದೇ ಕಾಣುತ್ತೆ. ಹುಟ್ಟಿದಾಗಿಂದ."

"ಮತ್ತೆ ಇಷ್ಟು ದಿನ?" ಎಂದರು ತಪಾಸಣೆಯವರು.

"ಕಚ್ಚು ಇತ್ತು. ಅದನ್ನ ತೆಗೆದಮೇಲೆ ತೊಳೆದು ತೊಳೆದು ಹಾಕಿದೆ."

ಮಗಳ ಕಣ್ಣು ತುಂಬಿತು. "ನನಗೊಂದು ಮಾತು ಹೇಳಬಾರದಿತ್ತಾ ದೊಡ್ಡಪ್ಪ?"

"ಹೇಳಿದ್ರೆ ಸೂಪಿನ ಕಿಟಕೀಲಿ ಕೂರಿಸ್ತಿದ್ದೆ."

"ನಿಮ್ಮನ್ನಾ? ಆ ಕಿಟಕಿಯವರು ನಿಮ್ಮ ಮಾತು ತಾಳಲಾರದೆ ಓಡಿಹೋಗ್ತಾರೆ." ಮೂಗು ಒರೆಸಿಕೊಂಡವಳು ಥಟ್ಟನೆ ದೊಡ್ಡಮ್ಮನ ಕಡೆ ತಿರುಗಿದಳು. "ಕಚ್ಚು ಅಷ್ಟು ಚೊಕ್ಕಟ ಹೇಗಿತ್ತು?"

"ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜುತಿದ್ದೆ, ದಿನಾ ಸಂಜೆ" ಎಂದಳು ದೊಡ್ಡಮ್ಮ, ಸ್ಟೀಲು ತಟ್ಟೆಗಳಿಗೆ ಹೇಳುವಂತೆ. "ಎಂಟು ವರ್ಷದಲ್ಲಿ ಇಪ್ಪತ್ತು ಬ್ರಷ್ಷು ಸವೆದಿದೆ. ಅವರಿಗೆ ಬೇಕಾದ ಗುರುತು, ನನಗೆ ಬೇಡವಾದ ಕೊಳೆ. ಇಬ್ಬರದೂ ನಡೀಲಿ ಅಂತ."

"ಹಾಗಾದ್ರೆ ಆ ಹಸಿರು ಸ್ವೆಟರ್..." ಎಂದು ಮಗಳು ಶುರುಮಾಡಿದಳು. ಚಿಕ್ಕಂದಿನಲ್ಲಿ ದೊಡ್ಡಪ್ಪನ ಬಾಯಿಂದಲೇ ಬಣ್ಣ ಕಲಿತಿದ್ದ ಅವಳು ಒಂದನೆಯ ತರಗತಿಯಲ್ಲಿ ಕೆಂಪಿಗೆ ಹಸಿರು ಅಂದು ಟೀಚರ ಹತ್ತಿರ ಬೈಸಿಕೊಂಡಿದ್ದಳು. ಯಾಕೆಂದು ಈಗ ಹೊಳೆಯುತ್ತಿತ್ತು.

"ಹಸಿರೇ" ಎಂದಳು ದೊಡ್ಡಮ್ಮ. "ನಿನ್ನ ಕೆಲಸ ನೋಡ್ಕೊ."

ದೊಡ್ಡಪ್ಪ ಮೊಳೆಗೆ ನೇತಾಡುತ್ತಿದ್ದ ಸ್ವೆಟರನ್ನು ನೋಡಿದರು. ಮಣೆಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಆಮೇಲೆ ಸುಮ್ಮನೆ ಒಂದು ಕೆಮ್ಮು ಕೆಮ್ಮಿದರು.

ತಪಾಸಣೆಯವರು ಬರೆಯುವುದು ಮುಗಿಸಿ ಪೆನ್ನು ಮುಚ್ಚಿದರು. "ಹನ್ನೆರಡು ಗಂಡಸರಲ್ಲಿ ಒಬ್ಬರಿಗೆ ಹೀಗಿರುತ್ತೆ. ಬಣ್ಣವೊಂದನ್ನೇ ನೆಚ್ಚಿಕೊಂಡಿದ್ದು ಅಡುಗೆಮನೆಯ ತಪ್ಪು, ಇವರದ್ದಲ್ಲ. ಬೇರೆ ಆಕಾರದ ಮಣೆ ತರಿಸಿ. ಒಂದು ತಿಂಗಳ ಗಡುವು." ಬಾಗಿಲ ತನಕ ಹೋದವರು ಹಿಂತಿರುಗಿ, ಟೋಪಿ ತೆಗೆಯುತ್ತ, ತಾವು ಹಾಕಿಕೊಂಡಿರುವ ಟೈ ಯಾವ ಬಣ್ಣದ್ದೆಂದು ದೊಡ್ಡಮ್ಮನನ್ನು ಮೆಲ್ಲಗೆ ಕೇಳಿದರು.

ಈಗ ಆ ಅಡುಗೆಮನೆಯಲ್ಲಿ ಕೆಂಪು ಮಣೆ ದುಂಡಗಿದೆ, ಹಸಿರು ಮಣೆ ಚೌಕವಾಗಿದೆ.