ಮಹಡಿಯ ಕೋಣೆಗೂ ಸಿಗ್ನಲ್

ಪುಟ್ಟಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಸಂಜೆ ಮನೆಗೆ ಬಂದವಳೇ ಮೆಟ್ಟಿಲ ತಿರುವಿನಲ್ಲಿ ಕೂತು, ಮೊಬೈಲನ್ನು ಕಂಬಿಗೆ ಒರಗಿಸಿ, ಜೊತೆಯಲ್ಲಿ ಓದಿದ ಗೆಳತಿಯರೊಂದಿಗೆ ವಿಡಿಯೋದಲ್ಲಿ ಕೈಮಾತು ಶುರು ಮಾಡುತ್ತಿದ್ದಳು. ರೂಟರ್ ಇದ್ದದ್ದು ಮುಂಬಾಗಿಲ ಪಕ್ಕ, ಗೋಡೆಗಳು ದಪ್ಪ. ಮಹಡಿಯ ಅವಳ ಕೋಣೆಗೆ ವೈಫೈ ತಲುಪುತ್ತಲೇ ಇರಲಿಲ್ಲ. ತಿರುವಿನಲ್ಲೂ ಅಷ್ಟಕ್ಕಷ್ಟೆ. ಮಾತಿನ ನಡುವೆ ಎದುರಿನವಳ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು, ಒಂದು ಮಾತು ಹಾಗೇ ಕಳೆದುಹೋಗುತ್ತಿತ್ತು.

ಕೆಳಗೆ ಅಡುಗೆಮನೆಯಿಂದ ಅಮ್ಮ ಅವಳನ್ನೇ ನೋಡುತ್ತಿದ್ದಳು. "ಇವಳ ಕೈಗೆ ಬ್ರೇಕೇ ಇಲ್ಲ ನೋಡು," ಎಂದು ನಗುತ್ತಿದ್ದಳು. ಒಂದಕ್ಷರ ಅರ್ಥವಾಗದಿದ್ದರೂ ಮಗಳು ನಕ್ಕಾಗ ತಾನೂ ನಗುತ್ತಿದ್ದಳು. ಏನಾದರೂ ಬೇಕಾದರೆ ಸೌಟು ಎತ್ತಿ ಬೀಸಿದರೆ ಸಾಕು, ಪುಟ್ಟಿ ಇಳಿದು ಬರುತ್ತಿದ್ದಳು. ಊಟ, ನೀರು, ಬಾ, ಹೋಗು ಎನ್ನುವಷ್ಟು ಸನ್ನೆ ಅಮ್ಮನಿಗೂ ಅಣ್ಣನಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಮೊಬೈಲಿನಲ್ಲಿ ಬರೆದು ತೋರಿಸುವುದು.

ಅಣ್ಣ ಲಿಫ್ಟ್ ರಿಪೇರಿಯವನು. ಒಂದು ಸಂಜೆ ಟೂಲ್ ಬ್ಯಾಗು ಹೊತ್ತು ಅವಳನ್ನು ದಾಟಿ ಮೇಲೆ ಹೋಗುವಾಗ ಪುಟ್ಟಿ ಅವನ ಪ್ಯಾಂಟು ಜಗ್ಗಿ, ಬರೆದು ತೋರಿಸಿದಳು: "ನಾನು ಜಗಳ ಆಡ್ತಿದ್ರೂ ಅಳ್ತಿದ್ರೂ ನೀವು ದಾಟ್ಕೊಂಡು ಹೋಗ್ತೀರಿ. ನನಗೂ ಬಾಗಿಲು ಹಾಕ್ಕೊಂಡು ಮಾತಾಡ್ಬೇಕು." ಅವಳ ಕಣ್ಣು ಕೆಂಪಾಗಿತ್ತು. ಅವಳು ಅತ್ತದ್ದು ಅವನ ಗಮನಕ್ಕೇ ಬಂದಿರಲಿಲ್ಲ.

ರಜೆಯ ದಿನ ಅವನು ಮೆಶ್ ವೈಫೈ ತಂದ. ಡಬ್ಬದೊಳಗೆ ಮೂರು ಬಿಳಿ ಪೆಟ್ಟಿಗೆ.

"ಒಂದು ಸಾಲದು ಅಂತ ಮೂರು ತಂದ್ಯೇನೋ?" ಅಂದಳು ಅಮ್ಮ.

"ಒಂದು ಇನ್ನೊಂದಕ್ಕೆ ದಾಟಿಸುತ್ತಮ್ಮ. ಕೆಳಗಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಅವಳ ಕೋಣೆಗೆ."

"ನಿನ್ನ ಅತ್ತೆಯರು ಚಾಡಿ ದಾಟಿಸಿದ ಹಾಗೆ ಅನ್ನು."

ಮೊದಲನೆಯದು ಸುಲಭವಾಗಿ ಕೂತಿತು. ತಿರುವಿನಲ್ಲಿಟ್ಟ ಎರಡನೆಯದು ಕೆಂಪು ದೀಪ ಬಿಟ್ಟು ಬೇರೇನೂ ತೋರಿಸಲಿಲ್ಲ. ಅಣ್ಣ ಅದನ್ನು ಒಂದು ಮೆಟ್ಟಿಲು ಇಳಿಸಿದ, ಗೋಡೆಯಿಂದ ಈಚೆಗೆ ಎಳೆದ, ಕೊನೆಗೆ ಕಿಟಕಿಕಟ್ಟೆಯ ಮೇಲಿಟ್ಟ. ದೀಪ ನೀಲಿಯಾಯಿತು. ಮೂರನೆಯದನ್ನು ಅವಳ ಹಾಸಿಗೆಯ ಪಕ್ಕದಲ್ಲಿಟ್ಟು ಆನ್ ಮಾಡಿದ. ಪುಟ್ಟಿ ಗೆಳತಿಗೆ ಕಾಲ್ ಮಾಡಿ, ಮೊಬೈಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಕೋಣೆಗೆ ಹೋದಳು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಅಣ್ಣನ ಕೆನ್ನೆ ಹಿಂಡಿ, ಬಾಗಿಲು ಹಾಕಿಕೊಂಡಳು.

ಬಾಗಿಲು ತಟ್ಟಿದರೆ ಅವಳಿಗೆ ಕೇಳುವುದಿಲ್ಲ. ಅವಳನ್ನು ಕರೆಯಲು ಅಣ್ಣ ಕೋಣೆಯ ದೀಪಕ್ಕೆ ಬಾಗಿಲ ಹೊರಗೊಂದು ಸ್ವಿಚ್ಚು ಹಾಕಿಕೊಟ್ಟ. ಅಮ್ಮನ ಮಂಡಿಗೆ ಮೆಟ್ಟಿಲು ಹತ್ತುವುದು ಆಗದ ಮಾತು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಶನಿವಾರ ಮಧ್ಯಾಹ್ನ, ಅಮ್ಮ ಅಡುಗೆಮನೆಯಲ್ಲಿ ಜಾರಿಬಿದ್ದಳು. ಅಣ್ಣ ಕೆಲಸದಲ್ಲಿದ್ದ. ಶನಿವಾರ ಲ್ಯಾಬು ಅರ್ಧ ದಿನವಾದ್ದರಿಂದ ಪುಟ್ಟಿ ಮಹಡಿಯಲ್ಲಿದ್ದಳು. ಪಕ್ಕದ ಮನೆಯ ಟೀಚರಮ್ಮ ಶಾಲೆಯಿಂದ ಬಂದು ತಮ್ಮ ಮನೆಯ ಬೀಗ ತೆಗೆಯುವಾಗ "ಪುಟ್ಟೀ, ಪುಟ್ಟೀ" ಎಂಬ ಒಡೆದ ದನಿ ಕೇಳಿಸಿತು. ಒಳಗೆ ಬಂದು ನೋಡಿದರೆ ಅಮ್ಮನ ಗಂಟಲು ಕಟ್ಟಿಹೋಗಿತ್ತು, ಸೀರೆ ಒದ್ದೆಯಾಗಿತ್ತು. ಅವರು ಓಡಿಹೋಗಿ ಮಹಡಿಯ ಬಾಗಿಲು ದೂಡಿದಾಗ ಪುಟ್ಟಿ ಮೊಬೈಲಿನೆದುರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಮ್ಮನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ನಿಗೆ ಒಯ್ಯುವ ಮೊದಲು ಅವಳು ಅಣ್ಣನನ್ನು ಹತ್ತಿರ ಕರೆದಳು.

"ನಾನು ಕೂಗಿದೆ ಅಂತ ಅವಳಿಗೆ ಹೇಳ್ಬೇಡ. ಬಿದ್ದ ತಕ್ಷಣ ಪ್ರಜ್ಞೆ ತಪ್ಪಿತ್ತು ಅನ್ನು."

"ಟೀಚರಮ್ಮ ಕೇಳಿಸ್ಕೊಂಡಿದ್ದಾರಲ್ಲಮ್ಮ."

"ಅವರಿಗೆ ಕೈಮಾತು ಬರಲ್ವಲ್ಲ."

"ನಮಗೆ ಮಾತ್ರ ಬರುತ್ತಾ?"



ಹೊರಗೆ ಬೆಂಚಿನ ಮೇಲೆ ಪುಟ್ಟಿ ಕಾಯುತ್ತಿದ್ದಳು. ಅಣ್ಣನನ್ನು ಕಂಡದ್ದೇ ಎದ್ದು, ಬಾಯಿಯ ಪಕ್ಕ ಅಂಗೈ ಹಿಡಿದು, ಕೂಗಿದಳಾ ಎಂದು ಕೇಳಿದಳು. ಅವನು ತಲೆಯಾಡಿಸಿದ: ಇಲ್ಲ. ಕಣ್ಣು ಮುಚ್ಚಿ ತಲೆ ವಾಲಿಸಿ ತೋರಿಸಿದ: ಎಚ್ಚರವಿರಲಿಲ್ಲ. ಹುಟ್ಟಿದಾಗಿನಿಂದ ಜನರ ಮುಖ ನೋಡಿಯೇ ಬದುಕಿದವಳು ಅವಳು. ಅಣ್ಣನ ಮುಖವನ್ನು ಬಹಳ ಹೊತ್ತು ನೋಡಿದಳು. ಮತ್ತೆ ಕೇಳಲಿಲ್ಲ.

ಆಪರೇಷನ್ ಆಯಿತು, ಅಮ್ಮ ಮನೆಗೆ ಬಂದಳು. ಆದರೆ ನಡೆಯಲಿಲ್ಲ. ಹಾಲಿನಲ್ಲಿ ಮಂಚ ಹಾಕಿದರು. ಆ ವಾರವೇ ಅಣ್ಣ ಮಹಡಿಗೆ ಹೋಗಿ ಮೂರನೆಯ ಪೆಟ್ಟಿಗೆಯ ವೈರಿಗೆ ಕೈ ಹಾಕಿದ. ಪುಟ್ಟಿ ಅವನ ಕೈ ಹಿಡಿದು ನಿಲ್ಲಿಸಿ, ಬರೆದು ತೋರಿಸಿದಳು: "ಇದನ್ನ ಯಾಕೆ ಕೀಳ್ತೀಯ? ಅಮ್ಮ ಕೂಗೇ ಇಲ್ವಲ್ಲ."

ಅವನು ಎರಡೆರಡು ಸಲ ಓದಿದ. ವೈರನ್ನು ಇದ್ದ ಹಾಗೇ ಬಿಟ್ಟು ಕೆಳಗಿಳಿದ.

ಈಗ ಅವಳು ಬಾಗಿಲು ಹಾಕಿಕೊಳ್ಳುವುದಿಲ್ಲ. ಕಾಲ್ ನಡುವೆಯೇ ಎದ್ದು ಬಂದು, ಕಂಬಿಯ ಮೇಲೆ ಬಗ್ಗಿ ಹಾಲಿನತ್ತ ನೋಡುತ್ತಾಳೆ. ಅವಳ ಹೆಜ್ಜೆ ಕೇಳಿದೊಡನೆ ಅಮ್ಮ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಮಲಗುತ್ತಾಳೆ, ಮಗಳು ನಿಶ್ಚಿಂತೆಯಿಂದ ಹೋಗಲಿ ಎಂದು. ಆದರೆ ಮಲಗಿದವಳನ್ನು ಕಂಡರೆ ಪುಟ್ಟಿಗೆ ಇನ್ನಷ್ಟು ಹೆದರಿಕೆ. ಇಳಿದು ಬಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತಾಳೆ. ಮೇಲೆ ಗೆಳತಿ ಕಾದೂ ಕಾದೂ ಕಾಲ್ ಕತ್ತರಿಸಿರುತ್ತಾಳೆ.

ಕೈಮಾತು ಕಲಿಸ್ತೀಯಾ ಎಂದು ಅಣ್ಣ ಒಂದು ಸಲ ಬರೆದು ಕೇಳಿದ. ಸುಸ್ತಾಗಿದೆ ಎಂದು ಪುಟ್ಟಿ ಕೈಯಾಡಿಸಿದಳು. ಆ ಒಂದು ಸನ್ನೆ ಅವನಿಗೆ ಅರ್ಥವಾಯಿತು.