ಉಪವಾಸ ರಕ್ತ ತೊಳೆಯುವುದಿಲ್ಲ

೧೯೮೬ರ ಕಾರ್ತಿಕ ಏಕಾದಶಿ. ಬೆಳಗಾಗುತ್ತಲೇ ಮೋರಖಂಡಿಯ ಗಯಾಬಾಯಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಗಂಡ ತುಳಜಾರಾಮನ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ವಾರಕ್ಕೆರಡು ಸಲ ಹೈದರಾಬಾದಿಗೆ ಹೋಗಿ ಮಶಿನ್ನಿನಲ್ಲಿ ರಕ್ತ ತೊಳೆಸಬೇಕು. ಇವತ್ತು ಅವನ ಪಾಳಿ. ಬಸವಕಲ್ಯಾಣಕ್ಕೆ ನಡೆದು ಬಸ್ ಹಿಡಿಯಬೇಕಾದವನ ಮುಂದೆ ಅತ್ತೆ ಯಶೋದಾಬಾಯಿ ಉಪವಾಸದ ತಾಟು ತಂದಿಟ್ಟಿದ್ದಳು. ಕುದಿಸಿದ ಗೆಣಸು, ಬಾಳೆಹಣ್ಣು, ಹುರಿದ ಶೇಂಗಾ, ಮೇಲೊಂದು ಚೊಂಬು ಎಳನೀರು.

"ಅತ್ತೀ, ಇವೆಲ್ಲ ಕೊಡಬ್ಯಾಡ್ರಂತ ಡಾಕ್ಟರ್ ಹೇಳ್ಯಾರಲ್ರಿ?"

"ಡಾಕ್ಟರಗೇನ್ ಗೊತ್ತ ಏಕಾದಶಿ? ಇದು ದೇವರ ಫಳಾರ. ಉಪವಾಸ ಮಾಡಿದ್ರ ಒಳಗಿನ ಹೊಲಸೆಲ್ಲ ತಾನೇ ಹೋಗತದ. ದವಾಖಾನಿ ಇವತ್ತ ಬ್ಯಾಡ, ನಾಳಿಗಿ ಹೋದ್ರಾಯ್ತು."

ಗಯಾಬಾಯಿ ಹಲ್ಲು ಕಚ್ಚಿದಳು. ಈ ಓಣಿಯಲ್ಲಿ ಎಲ್ಲರೂ ವೈದ್ಯರೇ. ಒಬ್ಬ ಕೊತ್ತಂಬರಿ ನೀರು ಕುಡಿಸು ಅನ್ನುತ್ತಾನೆ, ಇನ್ನೊಬ್ಬ ಯಾವುದೋ ಭಸ್ಮ ಹಿಡಿದು ಬರುತ್ತಾನೆ, ಮತ್ತೊಬ್ಬಳು ಮಾಟ ಅನ್ನುತ್ತಾಳೆ. ಎಲ್ಲರ ಮಾತಿಗೂ ಕಿಮ್ಮತ್ತು ಉಂಟು. ಸೊಸೆ ಬಾಯಿ ತೆರೆದರೆ ಮಾತ್ರ ಧರ್ಮ ಕೆಟ್ಟುಹೋಗುತ್ತದೆ!

ತಾಯಿಯ ಮಾತು ಮೀರಲಾರದೆ ತುಳಜಾರಾಮ ಗೆಣಸಿಗೆ ಕೈ ಹಾಕಿದ. ಹಿಡಿತ ಸಿಗದೆ ಚೂರು ಕೆಳಗೆ ಬಿತ್ತು. ಏಳಲು ಹೋದ, ಕಾಲಲ್ಲಿ ಶಕ್ತಿಯೇ ಇಲ್ಲ.

"ಗಯಾ, ನಿನ್ನಿ ಸಂಜಿಯಿಂದ ಬಾಳಿಹಣ್ಣು, ಗೆಣಸೇ ತಿನ್ನಾಕತ್ತೇನಿ. ಅವ್ವ ಕೊಟ್ಳು," ಎಂದು ಗೋಡೆಗೆ ಒರಗಿದ.

ಗಯಾಬಾಯಿ ಓಡಿಹೋಗಿ ಊರ ನರ್ಸಬಾಯಿ ಚಂದಮ್ಮನನ್ನು ಕರೆತಂದಳು. ಚಂದಮ್ಮ ನಾಡಿ ಹಿಡಿದು ನೋಡಿದಳು. ಆಮೇಲೆ ಮುದುಕಿಯ ಕಡೆ ತಿರುಗಿದಳು.

"ಆಯಿ, ಮೂತ್ರಪಿಂಡ ಅಂದ್ರ ಜರಡಿ ಇದ್ಹಂಗ. ರಕ್ತದಾಗಿನ ಹೊಲಸ ಸೋಸಿ ಉಚ್ಚಿ ಜೋಡಿ ಹೊರಗ ಹಾಕತದ. ಇವರ ಜರಡಿ ಬಂದ್ ಆಗ್ಯದ. ಹೊಲಸೆಲ್ಲ ರಕ್ತದಾಗೇ ಉಳದು ವಿಷ ಆಗತದ. ಊಟ ಬಿಟ್ರೂ ಮೈಯಾಗ ಅದು ಹುಟ್ಟೂದು ನಿಲ್ಲಂಗಿಲ್ಲ."

"ಗೆಣಸೇನ್ ಮಾಡತದವ್ವಾ?" ಯಶೋದಾಬಾಯಿ ಕೇಳಿದಳು.

"ಗೆಣಸು, ಬಾಳಿಹಣ್ಣು, ಎಳನೀರು, ಇವುಗಳಾಗ ಪೊಟ್ಯಾಶಿಯಂ ಅನ್ನೂ ಒಂದ್ ಲವಣ ಅದರಿ. ನಮಗ ನಿಮಗ ಚಲೋ. ಇವರ ರಕ್ತದಾಗ ಅದು ಹೆಚ್ಚಾದ್ರ ಮೊದಲ ಕೈಕಾಲು ಸೋಲತಾವ, ಆಮ್ಯಾಲ ಎದಿ ಬಡಿಯೂದೇ ನಿಲ್ಲತದ. ಬಸ್ಸಿಗಿ ಕಾಯಬ್ಯಾಡ್ರಿ, ಜೀಪ್ ತರಿಸ್ರಿ. ಹುಮನಾಬಾದ್‌ದಾಗ ಎದಿ ಕಾಯೂ ಇಂಜೆಕ್ಷನ್ ಹಾಕಿಸ್ಕೊಂಡು ಸೀದಾ ಹೈದರಾಬಾದಿಗಿ ಹೋಗ್ರಿ. ಮಶಿನ್ ಬೇಕೇ ಬೇಕು."

"ವ್ರತ ಮುರದ್ರ ವಿಠಲ ಸಿಟ್ಟಾಗ್ತಾನ," ಮುದುಕಿ ಗೊಣಗಿದಳು.

ಇಷ್ಟು ದಿನ ನುಂಗಿದ್ದೆಲ್ಲ ಗಯಾಬಾಯಿಯ ಬಾಯಿಂದ ಹೊರಗೆ ಬಂತು. "ನಿಮ್ಮ ಮಗನ ಜೀವ ಬೇಕಂತ ವಿಠಲ ನಿಮಗ ಹೇಳ್ಯಾನೇನ್ರಿ? ಅಂಥ ದೇವರಿದ್ರ ನಾ ಕೈ ಮುಗಿಯಂಗಿಲ್ಲ!"

ಯಶೋದಾಬಾಯಿ ಮಗನ ಕಡೆ ನೋಡಿದಳು. ಅವನಿಗೆ ಕತ್ತು ನೆಟ್ಟಗೆ ಹಿಡಿಯಲೂ ಆಗುತ್ತಿರಲಿಲ್ಲ. ಅವಳು ತಾಟನ್ನು ದೂರ ಸರಿಸಿದಳು.

"ಅವನ ಪಾಲಿನ ಏಕಾದಶಿ ಇನ್ನ ಮ್ಯಾಲ ನಾ ಹಿಡೀತೀನಿ. ನಡಿಯವ್ವಾ, ಜೀಪ್ ಕರಸು."

ತುಳಜಾರಾಮ ಬದುಕಿದ. ಹೈದರಾಬಾದಿನಲ್ಲಿ ಅವನ ರಕ್ತ ಕೊಳವೆಯಲ್ಲಿ ಹರಿದು ಮಶಿನ್ನಿಗೆ ಹೋಗಿ ತಿರುಗಿ ಬರುವುದನ್ನು ನೋಡುತ್ತ ಯಶೋದಾಬಾಯಿ ಸೊಸೆಯ ಕೈ ಹಿಡಿದು ಅತ್ತಳು. "ನಾನೇ ಉಣಿಸಿದ್ನಲ್ಲವ್ವಾ," ಅಂದಳು.

ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಮನೆಯಲ್ಲಿ ಮೂತ್ರಪಿಂಡ ಕೆಟ್ಟವರಿದ್ದರೆ ಅವರು ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು ಎಂದು ಡಾಕ್ಟರನ್ನು ಕೇಳಿರಿ; ಓಣಿಯನ್ನು ಕೇಳಬೇಡಿರಿ. ಹಬ್ಬವಿರಲಿ, ಮದುವೆಯಿರಲಿ, ಮಶಿನ್ನಿನ ಪಾಳಿ ತಪ್ಪಿಸಬೇಡಿರಿ. ಯಾರದಾದರೂ ಮುಖ, ಕಾಲು ಬಾತರೆ, ಉಚ್ಚೆ ಕಡಿಮೆಯಾದರೆ, ಊಟ ಕಂಡರೆ ವಾಕರಿಕೆ ಬಂದರೆ ಇವತ್ತೇ ಪರೀಕ್ಷೆ ಮಾಡಿಸಿರಿ. ಯಶೋದಾಬಾಯಿಗೆ ಮಗ ತಿರುಗಿ ಸಿಕ್ಕ. ಎಲ್ಲ ತಾಯಂದಿರಿಗೂ ಸಿಗುವುದಿಲ್ಲ.