ಅಕ್ಕ ಆರಿಸಿದ ಪೆಟ್ಟಿಗೆ

ಅಂಗಳದ ಗೋಡೆಗೆ ಓರೆಯಾಗಿ ಬಿದ್ದಿದ್ದ ಪೆಟ್ಟಿಗೆಯನ್ನು ದೊಡ್ಡಕ್ಕ ಎರಡೂ ಕೈ ಕೊಟ್ಟು ನೆಟ್ಟಗೆ ಮಾಡಿದಳು. ಮುಚ್ಚಳದ ಗಾಜು ಸೀಳಿತ್ತು. ವೈರು ಬುಡದಲ್ಲೇ ಕಿತ್ತುಬಂದು ಒಳಗಿನ ಬಲ್ಬು ಆರಿಹೋಗಿತ್ತು. ನಡುಮನೆಯಲ್ಲಿ ಅವಳ ಓರಗಿತ್ತಿಯ ಹೆಣವಿತ್ತು. ಹೆಣ ಕೆಡದಂತೆ ಇಡುವ ತಂಪುಪೆಟ್ಟಿಗೆ ತಂದವರಿಗೆ ಜಾಗವೂ ಬೇಕಿತ್ತು, ಪ್ಲಗ್ಗೂ ಬೇಕಿತ್ತು. ಮೊಟ್ಟೆ ಮರಿ ಮಾಡುವ ಈ ಪೆಟ್ಟಿಗೆಯನ್ನು ಈ ಬೆಳಿಗ್ಗೆ ಎಳೆದು ಹೊರಗೆ ಹಾಕಿದ್ದರು. ಒಳಗೇನಿದೆಯೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳೇ ಮಲಗಿಬಿಟ್ಟಿದ್ದಳು.

ದೊಡ್ಡಕ್ಕ ಮುಚ್ಚಳ ತೆರೆದು ಇಣುಕಿದಳು. ಒಂದೆರಡು ಮೊಟ್ಟೆ ಒಡೆದಿದ್ದವು, ಉಳಿದವು ಗಟ್ಟಿಯಾಗಿದ್ದವು. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲ್ಲಿನ ಗುರುತು, ಒಂದು ಮಗ್ಗುಲಿಗೆ ಕತ್ತರಿ, ಇನ್ನೊಂದು ಮಗ್ಗುಲಿಗೆ ಸೊನ್ನೆ. ಮುಟ್ಟಿದರೆ ಇನ್ನೂ ಬೆಚ್ಚಗಿದ್ದವು.

ಮುಚ್ಚಳ ಮುಚ್ಚಿ ಕೈ ಒರೆಸಿಕೊಂಡಳು. ಪ್ಲಗ್ಗು ಕಿತ್ತವಳು ತಾನಲ್ಲವಲ್ಲ ಎಂದುಕೊಂಡು ಒಳಗೆ ಹೋದಳು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೇಕರಿಯವನು ಅಂಗಡಿ ಮುಚ್ಚಿ ಬಂದಿದ್ದ. ಹಾಲಿನವಳು, ಶಾಲೆಯ ಆಯಾ, ಹಿಂದಿನ ಬೀದಿಯ ದರ್ಜಿ, ಎಲ್ಲರೂ ಒಂದಲ್ಲ ಒಂದು ಸಲ ಸತ್ತವಳಿಂದ ಮರಿ ಒಯ್ದವರೇ. ಬೀದಿಗೆ ಬೀದಿಯೇ ಅವಳನ್ನು ಮರಿಯಕ್ಕ ಎಂದು ಕರೆಯುತ್ತಿತ್ತು. ನಿನ್ನೆ ಬೆಳಿಗ್ಗೆ ಮೊಟ್ಟೆಗಳಿಗೆ ನೀರಿನ ಬಟ್ಟಲು ಇಟ್ಟು ಎದ್ದವಳು ಅಲ್ಲೇ ಕುಸಿದಳಂತೆ ಎಂದು ಹಾಲಿನವಳು ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದಳು. ನಾನು ಸತ್ತರೆ ಹಾಲಿನವಳು ಅಳುತ್ತಾಳೆಯೇ ಎಂದು ದೊಡ್ಡಕ್ಕನಿಗೆ ಅನ್ನಿಸಿತು. ಸತ್ತವಳ ಮೇಲೂ ಹೊಟ್ಟೆಕಿಚ್ಚೇ ಎಂದು ತನಗೆ ತಾನೇ ಬೈದುಕೊಂಡಳು. ಬೈದರೂ ಆರಲಿಲ್ಲ.

* * *

ಈ ಮನೆತನಕ್ಕೆ ಮೊದಲು ಬಂದವಳು ದೊಡ್ಡಕ್ಕ. ಕೋಳಿಯನ್ನು ಕಾವಿಗೆ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಯಾವ ಕೋಳಿ ಕೊನೆಯವರೆಗೆ ಕೂರುತ್ತದೆ, ಯಾವುದು ನಡುವೆ ಎದ್ದು ಓಡುತ್ತದೆ ಎಂದು ಅದರ ಕಣ್ಣು ನೋಡಿಯೇ ಹೇಳುತ್ತಿದ್ದಳು. ಊರಿನ ಆ ತುದಿಯಿಂದಲೂ ಜನ ಕೇಳಿಕೊಂಡು ಬರುತ್ತಿದ್ದರು.

ಆಮೇಲೆ ಬಂದ ಓರಗಿತ್ತಿಗೆ, ಮೈದುನನ ಹೆಂಡತಿಗೆ, ಒಂದು ದಿನ ಮರಿ ಮಾಡುವ ಯಂತ್ರ ಕೊಳ್ಳುವ ಹುಕಿ ಹತ್ತಿತು. ಅಂಗಡಿಗೆ ಹೋಗುವಾಗ ಬೇಡವೆಂದರೂ ಬಿಡದೆ ದೊಡ್ಡಕ್ಕನನ್ನು ಜೊತೆಗೆ ಕರೆದೊಯ್ದಳು. ಅಂಗಡಿಯವನು ಎರಡು ಪೆಟ್ಟಿಗೆ ತೋರಿಸಿದ. ಒಂದಕ್ಕೆ ಫ್ಯಾನಿತ್ತು, ಮೊಟ್ಟೆಯ ತಟ್ಟೆಯನ್ನು ತಾನಾಗಿ ಹೊರಳಿಸುವ ಮೋಟಾರಿತ್ತು. ಇನ್ನೊಂದರಲ್ಲಿ ಬರೀ ಬಲ್ಬು. ಅದಕ್ಕಾದರೆ ಹೊತ್ತುಹೊತ್ತಿಗೆ ಕೈಯಲ್ಲೇ ಮೊಟ್ಟೆ ಹೊರಳಿಸಬೇಕು, ಒಂದು ದಿನ ಮರೆತರೂ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ ಎಂದ.

"ಅಕ್ಕಾ, ನನಗೇನು ಗೊತ್ತಾಗುತ್ತೆ, ನೀವೇ ಆರಿಸಿ," ಎಂದಳು ಚಿಕ್ಕವಳು.

ದೊಡ್ಡಕ್ಕನಿಗೆ ಯಾವುದು ಒಳ್ಳೆಯದೆಂದು ನೋಡಿದೊಡನೆ ಗೊತ್ತಾಗಿತ್ತು. ಆದರೂ ಬಲ್ಬಿನ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಕೋಳಿಗೇನು ಮೋಟಾರ್ ಇರುತ್ತಾ? ಅದು ಕೊಕ್ಕಲ್ಲೇ ಹೊರಳಿಸಲ್ವಾ? ನಿನಗೆ ಎರಡು ಕೈ ಇದೆಯಲ್ಲ, ಇದೇ ಸಾಕು," ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದಳು.

ಮೊದಲ ಸಲ ಒಂದು ಮರಿಯೂ ಹೊರಬರಲಿಲ್ಲ. ಆ ಸುದ್ದಿ ಕೇಳಿದ ದಿನ ದೊಡ್ಡಕ್ಕ ಹೊಟ್ಟೆತುಂಬ ಉಂಡಳು. ಚಿಕ್ಕವಳು ದೂರಲು ಬರಲಿಲ್ಲ. ಕೋಳಿ ಹೇಗೆ ಕೂರುತ್ತದೆ, ಹೇಗೆ ಏಳುತ್ತದೆ ಎಂದು ಕೇಳಲು ಬಂದಳು. ದೊಡ್ಡಕ್ಕ ಅರ್ಧ ಹೇಳಿದಳು, ಅರ್ಧ ನುಂಗಿಕೊಂಡಳು. ನುಂಗಿದ್ದನ್ನು ಅವಳು ಕೆಡಿಸಿ ಕೆಡಿಸಿ ತಾನೇ ಕಲಿತಳು. ಒಳಗಿನ ಗಾಳಿ ಒಣಗದಂತೆ ನೀರಿನ ಬಟ್ಟಲಿಟ್ಟಳು. ಯಾವ ಮಗ್ಗುಲು ಮೇಲಾಯಿತೆಂದು ಮರೆಯದಿರಲು ಗುರುತು ಹಾಕಿದಳು. ಆಮೇಲೆ ಮರಿಗಳು ಮನೆ ತುಂಬಿದವು. ಜನ ದಾರಿ ಬದಲಿಸಿದರು. ದೊಡ್ಡಕ್ಕ ತನ್ನ ಕೋಳಿಗಳನ್ನೆಲ್ಲ ಸಂತೆಗೆ ಕಳಿಸಿ, ಗೂಡಿನಲ್ಲಿ ಸೌದೆ ತುಂಬಿಸಿದಳು.

* * *

ಹೆಣ ಎತ್ತುವ ಹೊತ್ತಾಗುತ್ತಿದ್ದಂತೆ ಆ ಯಂತ್ರದ ಅಂಗಡಿಯವನು ಬಂದ. ತಲೆ ಪೂರಾ ನೆರೆತಿತ್ತು. ದೊಡ್ಡಕ್ಕನ ಗುರುತು ಹಿಡಿದು ಪಕ್ಕದಲ್ಲಿ ಕೂತ.

"ಆ ಪೆಟ್ಟಿಗೆ ಬದಲಾಯಿಸಿಕೊಡ್ತೀನಿ ಬನ್ನಿ ಅಂತ ಅವರನ್ನ ಎಷ್ಟು ಸಲ ಕರೆದೆ ಗೊತ್ತಾ," ಎಂದ. "ಬೇಡ ಅಂದ್ಬಿಟ್ರು. ಇದು ಅಕ್ಕ ಆರಿಸಿದ್ದು, ವಾಪಸ್ ಕೊಟ್ರೆ ಅವರು ನೊಂದ್ಕೋತಾರೆ ಅಂತಿದ್ರು."

ದೊಡ್ಡಕ್ಕ ಶಾಲನ್ನು ಹೆಗಲಿಗೆ ಎಳೆದುಕೊಂಡಳು.

"ಯಾವುದು ಒಳ್ಳೇದು ಅಂತ ನಿಮ್ಮಕ್ಕನಿಗೆ ಗೊತ್ತಾಗ್ಲಿಲ್ಲ ಅನ್ಸುತ್ತೆ ಅಂದೆ ಒಂದ್ಸಲ. ಅದಕ್ಕೆ ನಕ್ಕರು. ಅಕ್ಕನಿಗೆ ಗೊತ್ತಿಲ್ದೆ ಇರೋದಾ, ಅಂದ್ರು."

ಹಾಗಾದರೆ ಅವಳಿಗೆ ಮೊದಲಿನಿಂದಲೂ ತಿಳಿದಿತ್ತು. ತಿಳಿದೂ ಇಷ್ಟು ವರ್ಷ ಅಕ್ಕಾ ಅಕ್ಕಾ ಎಂದು ಹಿಂದೆ ಬಿದ್ದಿದ್ದಳು. ಜಗಳವಾಡಿದ್ದರೆ ಸರಿಗೆ ಸರಿಯಾಗುತ್ತಿತ್ತು. ಮರಿ ಮಾಡುವುದರಲ್ಲಿ ಮಾತ್ರವಲ್ಲ, ಇದರಲ್ಲೂ ಅವಳೇ ಒಂದು ಕೈ ಮೇಲಾಗಿ ಹೋದಳಲ್ಲ ಎಂದು ದೊಡ್ಡಕ್ಕನ ಒಡಲು ಉರಿಯಿತು. ಅಲ್ಲಿ ಕೂರಲಾಗದೆ ಎದ್ದು ಅಂಗಳಕ್ಕೆ ಬಂದಳು.

ಪೆಟ್ಟಿಗೆಯ ಬಳಿ ನಿಂತಾಗ ಸಣ್ಣದೊಂದು ಸದ್ದು ಕೇಳಿಸಿತು. ಚಿಪ್ಪಿನೊಳಗಿಂದಲೇ ಮರಿಯೊಂದು ಚಿಂವ್ ಅಂದಿತ್ತು. ಮುಚ್ಚಳ ತೆಗೆದು ಒಂದೊಂದೇ ಮೊಟ್ಟೆ ಮುಟ್ಟಿ ನೋಡಿದಳು. ಕಾವು ಇಳಿಯತೊಡಗಿತ್ತು. ವೈರು ಜೋಡಿಸುವುದು ಅವಳಿಗೆ ಬಾರದು; ತನ್ನ ಮನೆಯಲ್ಲಿ ಕಾವು ಕೊಡುವ ಕೋಳಿಯೂ ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗಟ್ಟಿಯಾಗಿದ್ದ ಮೊಟ್ಟೆಗಳನ್ನೆಲ್ಲ ಮಡಿಲಿಗೆ ತೆಗೆದುಕೊಂಡಳು. ಹೊದ್ದಿದ್ದ ಉಣ್ಣೆಯ ಶಾಲನ್ನು ಸುತ್ತಲೂ ಬಿಗಿಯಾಗಿ ಎಳೆದು, ಹೊಟ್ಟೆಗೆ ಒತ್ತಿ ಹಿಡಿದಳು.

ಮೈದುನ ಹುಡುಕಿಕೊಂಡು ಬಂದ. ಅತ್ತು ಅತ್ತು ಅವನ ಕಣ್ಣು ಬಾತಿದ್ದವು.

"ಅತ್ತಿಗೆ, ಎತ್ತುತ್ತಿದಾರೆ. ಒಂದ್ಸಲ ಮುಖ ನೋಡಿ ಬನ್ನಿ."

"ನೀವು ಹೊರಡಿ. ನನಗೆ ಏಳೋಕಾಗಲ್ಲ."

ಅವನು ಒಳಕ್ಕೆ ತಿರುಗಿದ. ಬಾಗಿಲಲ್ಲಿದ್ದ ಹಾಲಿನವಳು ಪಕ್ಕದವಳಿಗೆ, ಸತ್ತ ಮೇಲಾದ್ರೂ ಬಿಡಬಾರದಾ ಆ ಹಗೇನ, ಎಂದದ್ದು ದೊಡ್ಡಕ್ಕನಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಶಾಲು ತೆರೆದು ತೋರಿಸಿದ್ದರೆ ಅವಳ ಬಾಯಿ ಮುಚ್ಚುತ್ತಿತ್ತು. ಆದರೆ ತೆರೆದರೆ ಕಾವು ಹೋಗುತ್ತದೆ. ಅದೂ ಅಲ್ಲದೆ, ಅಯ್ಯೋ ಮರಿಯಕ್ಕನ ಮೊಟ್ಟೆಗಳು ಎಂದು ಎಲ್ಲರೂ ಮುತ್ತಿಕೊಳ್ಳುತ್ತಾರೆ. ಇವೂ ಅವಳವೇ ಆಗಿಬಿಡುತ್ತವೆ. ದೊಡ್ಡಕ್ಕ ಶಾಲನ್ನು ಇನ್ನೂ ಬಿಗಿ ಮಾಡಿದಳು.

ಜನ ಹೊರಟರು. ಹೆಜ್ಜೆಯ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿ, ಆಮೇಲೆ ನಿಂತಿತು. ಮಡಿಲಲ್ಲಿ ಒಂದು ಮೊಟ್ಟೆ ಅಲುಗಿತು. ಒಳಗಿನದು ಮತ್ತೆ ಕೂಗಿತು, ಈ ಸಲ ಸ್ವಲ್ಪ ಗಾಬರಿಯಿಂದ.

ದೊಡ್ಡಕ್ಕ ಅತ್ತಿತ್ತ ನೋಡಿದಳು. ಅಂಗಳದಲ್ಲಿ ಖಾಲಿ ಕುರ್ಚಿಗಳ ಹೊರತು ಯಾರೂ ಇರಲಿಲ್ಲ. ಶಾಲಿನ ಮೇಲೆ ಬಾಗಿ, ಗಂಟಲಿನ ಆಳದಿಂದ, ತಾಯಿಕೋಳಿಯ ಹಾಗೆ, ಮೆಲ್ಲಗೆ ಕೊಕ್ ಕೊಕ್ ಎಂದಳು.